ನಿರ್ಜನ ಪ್ರದೇಶದ ಮೇಲೆ ಹಾರುವ ಮುನ್ನ: ಮೈಮೇಲೆ ಇರಬೇಕಾದದ್ದು, ಚೀಲದಲ್ಲಿ ಇರಬೇಕಾದದ್ದು

ಸಣ್ಣ ವಿಮಾನ ಕಾಡಿನಲ್ಲೋ ಹಿಮದ ಬಯಲಿನಲ್ಲೋ ತುರ್ತಾಗಿ ಇಳಿದಾಗ, ಒಳಗಿದ್ದ ಸಾಮಾನು ಬದುಕಿ ಹೊರಬಂದವರ ಕೈಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ಇಂಧನಕ್ಕೆ ಬೆಂಕಿ ತಗುಲಬಹುದು, ವಿಮಾನ ಸರೋವರದಲ್ಲಿ ತಲೆಕೆಳಗಾಗಿ ಮುಳುಗಬಹುದು, ಬಾಗಿಲು ನಜ್ಜುಗುಜ್ಜಾಗಿ ಹಿಂಬದಿಯ ಚೀಲ ಅಲ್ಲೇ ಉಳಿಯಬಹುದು. ಆದ್ದರಿಂದ ಏನೇನು ಒಯ್ಯಬೇಕೆಂದು ಪಟ್ಟಿ ಮಾಡುವ ಮೊದಲೇ ಯಾವುದನ್ನು ಎಲ್ಲಿಡಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. ದುರ್ಗಮ ಪ್ರದೇಶಗಳಲ್ಲಿ ಹಾರುವ ಪೈಲಟ್‌ಗಳಲ್ಲಿ ಒಂದು ಮಾತು ರೂಢಿಯಲ್ಲಿದೆ: ಪ್ರಾಣ ಉಳಿಸುವುದು ಮೈಮೇಲಿರುವ ಸಾಮಾನು, ವಿಮಾನದಲ್ಲಿರುವುದು ಬಿಡಾರ ಹೂಡುವ ಸಾಮಾನು.

1972ರ ಅಕ್ಟೋಬರ್ 16ರಂದು ಅಮೆರಿಕದ ಸಂಸದರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಅವರಿದ್ದ ಸೆಸ್ನಾ 310 ವಿಮಾನ ಅಲಾಸ್ಕಾದ ಆಂಕರೇಜ್‌ನಿಂದ ಜೂನೋಗೆ ಹೋಗುವ ದಾರಿಯಲ್ಲಿ ಕಣ್ಮರೆಯಾಯಿತು. 39 ದಿನ ಹುಡುಕಿದರೂ ಕುರುಹು ಸಿಗಲಿಲ್ಲ. ಪೈಲಟ್‌ನ ಬಳಿ ಇರಬೇಕಾಗಿದ್ದ, ಕೈಯಲ್ಲಿ ಒಯ್ಯಬಹುದಾದ ತುರ್ತು ಟ್ರಾನ್ಸ್‌ಮಿಟರ್ ಬೇರೊಂದು ವಿಮಾನದಲ್ಲಿ ಉಳಿದುಹೋಗಿದ್ದುದು ತನಿಖೆಯಲ್ಲಿ ಗೊತ್ತಾಯಿತು.

ಹೀಗಾಗಿ ಹಾರುವಾಗ ಮೈಮೇಲೆ ತೊಡುವ, ಜೇಬುಗಳಿರುವ ವೆಸ್ಟ್‌ನ ಜೇಬಿಗೆ ಮೊದಲು ಸೇರಬೇಕಾದದ್ದು 406 ಮೆಗಾಹರ್ಟ್ಸ್‌ನ ವೈಯಕ್ತಿಕ ಬೀಕನ್, ಅಂದರೆ ಉಪಗ್ರಹಕ್ಕೆ ಅಪಾಯದ ಸಂಕೇತ ಕಳುಹಿಸುವ ಸಣ್ಣ ಉಪಕರಣ. ವಿಮಾನಕ್ಕೆ ಅಳವಡಿಸಿದ ಬೀಕನ್ ಇದ್ದರೂ ಇದು ಬೇಕು, ಏಕೆಂದರೆ ಅಪ್ಪಳಿಸಿದ ರಭಸಕ್ಕೆ ಅದರ ಆಂಟೆನಾ ಮುರಿದರೆ ಸಂಕೇತ ಹೊರಗೇ ಹೋಗುವುದಿಲ್ಲ. ವೈಯಕ್ತಿಕ ಬೀಕನ್ ಒಮ್ಮೆ ಚಾಲೂ ಆದರೆ ಕನಿಷ್ಠ 24 ಗಂಟೆ ಸಂಕೇತ ಕಳುಹಿಸುವಂತೆ ರೂಪಿಸಲಾಗಿರುತ್ತದೆ. ಅದನ್ನು ನಿಮ್ಮ ಹೆಸರಿನಲ್ಲಿ ನೋಂದಾಯಿಸಿ, ಮನೆಯವರ ದೂರವಾಣಿ ಸಂಖ್ಯೆಯನ್ನೂ ಕೊಟ್ಟಿರಬೇಕು. 121.5 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೂಗುವ ಹಳೆಯ ಉಪಕರಣವನ್ನು ನೆಚ್ಚಿಕೊಳ್ಳಬೇಡಿ. 2009ರ ಫೆಬ್ರುವರಿ 1ರಿಂದ ಉಪಗ್ರಹಗಳು ಆ ತರಂಗಾಂತರವನ್ನು ಆಲಿಸುತ್ತಿಲ್ಲ.

ಅದೇ ವೆಸ್ಟ್‌ನಲ್ಲಿ ಚಾಕು, ಸೀಟಿ, ಸಂಕೇತದ ಕನ್ನಡಿ, ರಕ್ತಸ್ರಾವ ತಡೆಯುವ ಟೂರ್ನಿಕೆಟ್, ಒಬ್ಬರು ಒಳಗೆ ಕೂರಬಹುದಾದಷ್ಟು ದೊಡ್ಡದಾದ ಕಿತ್ತಳೆ ಬಣ್ಣದ ದಪ್ಪ ಪ್ಲಾಸ್ಟಿಕ್ ಚೀಲ, ಮತ್ತು ಬೆಂಕಿ ಹೊತ್ತಿಸಲು ಕನಿಷ್ಠ ಎರಡು ಬಗೆಯ ಸಾಧನಗಳು ಇರಲಿ. ನೀರಿನ ಮೇಲೆ ಹಾರುವುದಿದ್ದರೆ ಜೀವರಕ್ಷಕ ಜಾಕೆಟ್ಟನ್ನು ಈ ವೆಸ್ಟ್‌ನ ಮೇಲೆ ತೊಟ್ಟೇ ಹೊರಡಬೇಕು, ಆದರೆ ವಿಮಾನದಿಂದ ಹೊರಬಂದ ನಂತರವಷ್ಟೇ ಅದಕ್ಕೆ ಗಾಳಿ ತುಂಬಬೇಕು. ಒಳಗೇ ಉಬ್ಬಿದ ಜಾಕೆಟ್, ನೀರು ನುಗ್ಗಿದಾಗ ತೊಟ್ಟವರನ್ನು ಚಾವಣಿಗೆ ಒತ್ತಿ ಹಿಡಿಯುತ್ತದೆ.

ಬೆಂಕಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಲೈಟರ್ ಉತ್ತಮ ಸಾಧನವಾದರೂ ಕಡುಚಳಿಯಲ್ಲಿ ಅದರ ಅನಿಲ ಸರಿಯಾಗಿ ಹೊಮ್ಮುವುದಿಲ್ಲ, ಆದ್ದರಿಂದ ಅದನ್ನು ಮೈಗೆ ಅಂಟಿದ ಒಳಜೇಬಿನಲ್ಲಿ ಬೆಚ್ಚಗಿಡಬೇಕು. ಫೆರೋ ಕಡ್ಡಿ ಎಂಬ ಲೋಹದ ಕಡ್ಡಿ ಒದ್ದೆಯಾದರೂ ಒರೆಸಿಕೊಂಡು ಕೆರೆದರೆ ಕಿಡಿ ಕೊಡುತ್ತದೆ. ಹತ್ತಿಯ ಉಂಡೆಗೆ ಪೆಟ್ರೋಲಿಯಂ ಜೆಲ್ಲಿಯನ್ನು ಚೆನ್ನಾಗಿ ಉಜ್ಜಿ ಸಣ್ಣ ಡಬ್ಬಿಯಲ್ಲಿ ಒತ್ತಿ ತುಂಬಿಡಿ. ಬಳಸುವಾಗ ಉಂಡೆಯನ್ನು ಹಿಂಜಿ ಒಣ ಎಳೆಗಳನ್ನು ಮೇಲೆಬ್ಬಿಸಿದರೆ ಕಿಡಿ ಅಲ್ಲಿಯೇ ಹಿಡಿದು, ಹಸಿ ಪುಳ್ಳೆಗೂ ಉರಿ ತಗುಲುವಂತೆ ಕೆಲವು ನಿಮಿಷ ಉರಿಯುತ್ತದೆ. ಇಷ್ಟನ್ನೂ ಮನೆಯಲ್ಲೇ ಪರೀಕ್ಷಿಸಿ ನೋಡಬೇಕು. ಕೈಯನ್ನು ಐಸ್ ಹಾಕಿದ ನೀರಿನಲ್ಲಿ ಬೆರಳು ಮರಗಟ್ಟತೊಡಗುವವರೆಗೆ ಇಟ್ಟು, ಆಮೇಲೆ ಜೇಬಿನ ಜಿಪ್ ಎಳೆದು ಡಬ್ಬಿಯ ಮುಚ್ಚಳ ತೆರೆಯಲು ಪ್ರಯತ್ನಿಸಿ. ತೆರೆಯಲಾಗದಿದ್ದರೆ ಡಬ್ಬಿಯನ್ನು ಬದಲಾಯಿಸಿ, ಜಿಪ್‌ಗೆ ಹಿಡಿಯಲು ಸಿಗುವಂಥ ದಾರ ಕಟ್ಟಿ.

ಬಿಡಾರದ ಸಾಮಾನಿನ ಚೀಲವನ್ನು ಬಾಗಿಲ ಬಳಿಯೇ ಇಟ್ಟು ಬಿಗಿಯಾಗಿ ಕಟ್ಟಿ, ಅದರ ತೂಕವನ್ನು ವಿಮಾನದ ಭಾರದ ಲೆಕ್ಕಕ್ಕೆ ಸೇರಿಸಿ. ಸಡಿಲವಾಗಿ ಬಿಟ್ಟ ಕೊಡಲಿ ಅಪಘಾತದ ಕ್ಷಣದಲ್ಲಿ ಹಿಂದಿನಿಂದ ತಲೆಗೇ ಬಂದು ಬಡಿಯುತ್ತದೆ. ಮಲಗುವ ಚೀಲ, ಟಾರ್ಪಾಲು, ನೆಲದ ಥಂಡಿ ತಡೆಯುವ ಚಾಪೆ, ಗರಗಸ, ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ತಲೆಗೆ ಕಟ್ಟುವ ಟಾರ್ಚ್, ಸೊಳ್ಳೆ ತಡೆಯುವ ಮುಖದ ಬಲೆ ಇವೆಲ್ಲ ಇದರಲ್ಲಿರಲಿ. ನಿತ್ಯ ಔಷಧಿ ತೆಗೆದುಕೊಳ್ಳುವವರು ಒಂದು ವಾರದ ಮಾತ್ರೆಗಳನ್ನು, ಕನ್ನಡಕ ಹಾಕುವವರು ಇನ್ನೊಂದು ಜೊತೆಯನ್ನು ಸೇರಿಸಿಕೊಳ್ಳಬೇಕು. ಲೋಹದ ಪಾತ್ರೆಯೊಂದು ಇರಲೇಬೇಕು, ಏಕೆಂದರೆ ಹಿಮ ಕರಗಿಸುವುದಕ್ಕೂ ನೀರು ಕುದಿಸುವುದಕ್ಕೂ ಪ್ಲಾಸ್ಟಿಕ್ ಬಾಟಲಿ ಕೆಲಸಕ್ಕೆ ಬಾರದು. ನೀರು ಒಂದು ನಿಮಿಷ, 2,000 ಮೀಟರ್‌ಗಿಂತ ಎತ್ತರದಲ್ಲಾದರೆ ಮೂರು ನಿಮಿಷ, ಕೊತಕೊತನೆ ಕುದಿಯಬೇಕು. ಆಹಾರಕ್ಕೆ ಕೊನೆಯ ಸ್ಥಾನ ಸಾಕು. 1963ರಲ್ಲಿ ಕೆನಡಾದ ಯೂಕಾನ್ ಸೀಮೆಯ ಹಿಮದಲ್ಲಿ ಬಿದ್ದ ಸಣ್ಣ ವಿಮಾನದಲ್ಲಿದ್ದ ಇಬ್ಬರು, ಕೆಲವೇ ಡಬ್ಬಿಗಳ ಆಹಾರ ಮುಗಿದ ಮೇಲೆ ಬಹುಮಟ್ಟಿಗೆ ಕರಗಿಸಿದ ಹಿಮದ ನೀರಿನಲ್ಲೇ ದಿನ ದೂಡಿ, 49ನೆಯ ದಿನ ಪಾರಾದರು. ಹಿಮದಲ್ಲಿ ತುಳಿದು ಬರೆದ ಎಸ್‌ಒಎಸ್ ಒಬ್ಬ ಪೈಲಟ್‌ನ ಕಣ್ಣಿಗೆ ಬಿದ್ದದ್ದೇ ಅವರನ್ನು ಉಳಿಸಿತು.

ಕರಡಿ ಓಡಿಸುವ ಖಾರದ ಸ್ಪ್ರೇಯನ್ನು ಕ್ಯಾಬಿನ್ನಿನಲ್ಲಿ ತೆರೆದಿಡಬಾರದು. ಹಾರಾಟದ ನಡುವೆ ಅದು ಸೋರಿದರೆ ಪೈಲಟ್‌ಗೆ ಕಣ್ಣೇ ಬಿಡಲಾಗದು.

ಕನ್ನಡಿಯ ಬಳಕೆಯನ್ನೂ ನೆಲದಲ್ಲೇ ಕಲಿಯಬೇಕು. ಒಂದು ಕೈಯನ್ನು ಮುಂದೆ ಚಾಚಿ, ಎರಡು ಬೆರಳುಗಳ ನಡುವಿನ ಸಂದಿಯಲ್ಲಿ ದೂರದ ಗುರಿಯನ್ನು ಹಿಡಿದು, ಕಣ್ಣಿನ ಪಕ್ಕದಲ್ಲಿರುವ ಕನ್ನಡಿಯ ಬೆಳಕು ಆ ಬೆರಳುಗಳ ಮೇಲೆ ಬೀಳುವಂತೆ ಅಲ್ಲಾಡಿಸಿದರೆ ಹೊಳಪು ಗುರಿಯನ್ನೇ ತಲುಪುತ್ತದೆ. ನೆಲದ ಮೇಲೆ ಇಂಗ್ಲಿಷಿನ ‘ವಿ’ (V) ಅಕ್ಷರ ಬರೆದರೆ ನೆರವು ಬೇಕೆಂದೂ ‘ಎಕ್ಸ್’ (X) ಬರೆದರೆ ವೈದ್ಯಕೀಯ ನೆರವು ಬೇಕೆಂದೂ ಅಂತರರಾಷ್ಟ್ರೀಯ ಅರ್ಥವಿದೆ. ಅಕ್ಷರದ ಉದ್ದ ಕನಿಷ್ಠ 2.5 ಮೀಟರ್ ಇರಬೇಕು, ದೊಡ್ಡದಾದಷ್ಟೂ ಒಳ್ಳೆಯದು.

ವರ್ಷಕ್ಕೊಮ್ಮೆ ಚೀಲವನ್ನು ಪೂರ್ತಿ ಹೊರಗೆ ಸುರಿದು ಬ್ಯಾಟರಿ, ಔಷಧಿ ಮತ್ತು ಉರಿದು ಸಂಕೇತ ಕೊಡುವ ಫ್ಲೇರ್‌ಗಳ ಅವಧಿಯನ್ನು ನೋಡಿ. ಪ್ರತಿ ಹಾರಾಟಕ್ಕೂ ಮುನ್ನ, ಎಂಜಿನ್ ಚಾಲೂ ಮಾಡುವ ಮೊದಲು, ಪಕ್ಕದಲ್ಲಿ ಕೂತವರಿಗೆ ಬೀಕನ್ ಯಾವ ಜೇಬಿನಲ್ಲಿದೆ, ಅದರ ಆಂಟೆನಾ ಹೇಗೆ ಬಿಡಿಸಬೇಕು, ಯಾವ ಗುಂಡಿ ಒತ್ತಬೇಕು ಎಂಬುದನ್ನು ಕೈಯಲ್ಲಿ ಹಿಡಿದು ತೋರಿಸಿ. ನಿಮಗೆ ಎಚ್ಚರ ತಪ್ಪಿದ್ದರೆ ಅದನ್ನು ಚಾಲೂ ಮಾಡಬೇಕಾದವರು ಅವರು.