ಕೋಡ್ ಯಾಕೆ ಚಿತ್ರವಾಗಿ ಬರುತ್ತಿತ್ತು: ಒಂದು ಸಲಹೆ ಜಾರಿಯಾದ ನನ್ನ ಅನುಭವ

ನಾನು ಕೊಟ್ಟ ಮೊದಲ ಸಲಹೆಯಲ್ಲಿ ಹದಿನಾಲ್ಕು ಬೇಡಿಕೆಗಳಿದ್ದವು. ಡಾರ್ಕ್ ಮೋಡ್ ಬೇಕು, ಹುಡುಕಾಟ ಸುಧಾರಿಸಬೇಕು, ಮೊಬೈಲ್ ಆ್ಯಪ್ ಬೇಕು, ಚಾಟ್ ಬೇಕು, ಬ್ಯಾಡ್ಜ್ ಬೇಕು, ಹೀಗೆ. ಎರಡು ರಾತ್ರಿ ಕೂತು ಬರೆದಿದ್ದೆ. ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಒಂದು ಆನ್‌ಲೈನ್ ಸಮುದಾಯ ಅದು. ನನಗೆ ಬರುವ ಕೋಡಿಂಗ್‌ನಲ್ಲಿ ಅರ್ಧಪಾಲು ಅಲ್ಲಿಯವರು ಕಲಿಸಿದ್ದು. ಅದಕ್ಕೇ ಆ ಜಾಗ ಇನ್ನೂ ಚೆನ್ನಾಗಿರಬೇಕು ಅನ್ನೋ ಆಸೆ. ಅದನ್ನು ನಡೆಸುವವರು ಬೆರಳೆಣಿಕೆಯಷ್ಟು ಜನ, ಎಲ್ಲರೂ ಬಿಡುವಿನ ಹೊತ್ತಿನಲ್ಲಿ ದುಡಿಯುವವರು.

ಪಟ್ಟಿಗೆ ಲೈಕ್ ಬಂದವು. "ಸೂಪರ್", "ನನಗೂ ಬೇಕು" ಅಂತ ಜನ ಬರೆದರು. ಆಮೇಲೆ ಏನೂ ಆಗಲಿಲ್ಲ. ತಿಂಗಳು ಕಳೆದ ಮೇಲೆ ಒಬ್ಬ ಮಾಡರೇಟರ್ ನನ್ನನ್ನು ಕೇಳಿದರು: "ಇದರಲ್ಲಿ ಯಾವುದು ಇಲ್ಲದೆ ನಿಮ್ಮ ಕೆಲಸ ನಿಂತುಹೋಗಿದೆ?" ಯೋಚಿಸಿದೆ. ಯಾವುದೂ ಇರಲಿಲ್ಲ. ಬೇರೆ ಸೈಟುಗಳಲ್ಲಿ ನೋಡಿ ಇಷ್ಟವಾದದ್ದನ್ನೆಲ್ಲ ಸೇರಿಸಿ ಬರೆದಿದ್ದೆ, ಅಷ್ಟೇ. ಅವರು ಇನ್ನೊಂದು ಮಾತನ್ನೂ ಹೇಳಿದರು. ಹದಿನಾಲ್ಕು ವಿಷಯ ಒಂದೇ ಪೋಸ್ಟ್‌ನಲ್ಲಿದ್ದರೆ ಜನರ ವೋಟ್ ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ಒಂದನ್ನು ಒಪ್ಪಿ ಇನ್ನೊಂದನ್ನು ಬೇಡ ಅನ್ನಲಿಕ್ಕೂ ಆಗುವುದಿಲ್ಲ. ಅವತ್ತಿನಿಂದ ನಾನು ಒಂದು ಸಲಹೆಯಲ್ಲಿ ಒಂದೇ ವಿಷಯ ಬರೆಯುತ್ತೇನೆ.

ಎರಡನೆಯದು ಸಿಟ್ಟಿನಲ್ಲಿ ಬರೆದದ್ದು. ಕಷ್ಟಪಟ್ಟು ಬರೆದ ಉತ್ತರಕ್ಕೆ ಯಾರೋ ಡೌನ್‌ವೋಟ್ (ಇದು ಚೆನ್ನಾಗಿಲ್ಲ ಅನ್ನೋ ವೋಟ್) ಹಾಕಿ ಹೋಗಿದ್ದರು, ಕಾರಣ ಹೇಳಿರಲಿಲ್ಲ. ಡೌನ್‌ವೋಟ್ ಹಾಕುವವರು ಕಾರಣ ಬರೆಯಲೇಬೇಕು ಅನ್ನೋ ನಿಯಮ ತನ್ನಿ ಅಂತ ಅದೇ ರಾತ್ರಿ ಬರೆದುಬಿಟ್ಟೆ. ಬೆಳಗಾಗುವಷ್ಟರಲ್ಲಿ ಅದು ತಿರಸ್ಕಾರವಾಗಿತ್ತು. ಬೇಜಾರಾಯಿತು. ಆದರೆ ಜೊತೆಯಲ್ಲಿ ಸೈಟ್ ನಡೆಸುವವರು ಕೊಟ್ಟಿದ್ದ ಲಿಂಕ್‌ಗಳನ್ನು ಓದಿದೆ. ಅವು ಸ್ಟಾಕ್ ಓವರ್‌ಫ್ಲೋ ಅನ್ನೋ ಇಂಥದ್ದೇ ದೊಡ್ಡ ಪ್ರಶ್ನೋತ್ತರ ಸೈಟಿನವು. ಅದು 2008ರಲ್ಲಿ ಶುರುವಾಯಿತು. ಸೈಟಿನ ಬಗ್ಗೆಯೇ ಮಾತಾಡಲು ಮೆಟಾ ಅನ್ನೋ ಜಾಗವನ್ನು 2009ರಲ್ಲಿ ತೆರೆದರು. ಅಲ್ಲಿ ಫೀಚರ್ ಬೇಡಿಕೆಗೆ ಒಂದು ಟ್ಯಾಗ್ ಇದೆ. ಅದು ಜಾರಿಯಾಯಿತಾ, ತಿರಸ್ಕಾರವಾಯಿತಾ ಅಂತ ತೋರಿಸುವ ಟ್ಯಾಗ್‌ಗಳೂ ಇವೆ. ಕಾರಣ ಕಡ್ಡಾಯ ಮಾಡಿ ಅನ್ನೋ ನನ್ನ ಬೇಡಿಕೆ ಅಲ್ಲಿ ಎಷ್ಟೋ ಸಲ ಬಂದು, ಎಷ್ಟೋ ಸಲ ಬಿದ್ದುಹೋಗಿದೆ. ಯಾಕೆ ಅಂತ ಓದುತ್ತಾ ಹೋದ ಹಾಗೆ ನನ್ನ ಸಿಟ್ಟು ಇಳಿಯಿತು. ಕಡ್ಡಾಯ ಮಾಡಿದರೆ ಜನ "ಅಆಇಈ" ಅಂತ ಏನೋ ಒತ್ತಿ ಮುಂದೆ ಹೋಗುತ್ತಾರೆ. ಕಾರಣ ಬರೆದವರ ಹೆಸರು ಕಂಡರೆ ಸೇಡಿನ ವೋಟ್ ಶುರುವಾಗುತ್ತದೆ. ಕೊನೆಗೆ ತಪ್ಪು ಉತ್ತರಕ್ಕೆ ಡೌನ್‌ವೋಟ್ ಹಾಕುವವರೇ ಕಡಿಮೆಯಾಗುತ್ತಾರೆ. ಆಗ ನಷ್ಟ ಓದುಗರಿಗೆ ತಾನೆ?

ಈಗ ನಾನು ಏನನ್ನೇ ಕೇಳುವ ಮೊದಲು ಹಳೆಯ ತಿರಸ್ಕಾರಗಳನ್ನು ಹುಡುಕಿ ಓದುತ್ತೇನೆ. ಜಾರಿಯಾದವುಗಳಿಗಿಂತ ಬಿದ್ದುಹೋದವುಗಳಲ್ಲೇ ಕಲಿಯುವುದು ಜಾಸ್ತಿ ಸಿಗುತ್ತದೆ. ಒಂದು ಪದದಲ್ಲಿ ಹುಡುಕಿ ಬಿಟ್ಟರೆ ಸಾಲದು. ಒಬ್ಬರು "ಪೇಸ್ಟ್" ಅಂದರೆ ಇನ್ನೊಬ್ಬರು "ಕ್ಲಿಪ್‌ಬೋರ್ಡ್" ಅಂದಿರುತ್ತಾರೆ, ಮತ್ತೊಬ್ಬರು "ಸ್ಪೇಸ್ ಹಾಳಾಗುತ್ತೆ" ಅಂತಷ್ಟೇ ಬರೆದಿರುತ್ತಾರೆ.

ಇನ್ನು ಜಾರಿಗೆ ಬಂದ ಸಲಹೆಗೆ ಬರುತ್ತೇನೆ.

ಹೊಸಬರು ಕೋಡನ್ನು ಸ್ಕ್ರೀನ್‌ಶಾಟ್ ತೆಗೆದು ಹಾಕುವುದು ಉತ್ತರ ಕೊಡುವ ನಮ್ಮೆಲ್ಲರಿಗೂ ಇದ್ದ ತಲೆನೋವು. ಚಿತ್ರದಲ್ಲಿರುವ ಕೋಡನ್ನು ಕಾಪಿ ಮಾಡಿ ಓಡಿಸಿ ನೋಡಲು ಆಗುವುದಿಲ್ಲ. ಅದರೊಳಗಿನ ಎರರ್ ಮೆಸೇಜ್ ಹುಡುಕಾಟದಲ್ಲಿ ಸಿಗುವುದಿಲ್ಲ. "ಪ್ರಶ್ನೆಗಳಲ್ಲಿ ಚಿತ್ರ ಹಾಕುವುದನ್ನೇ ನಿಲ್ಲಿಸಿ" ಅಂತ ಕೇಳಬೇಕು ಅಂದುಕೊಂಡೆ. ಅರ್ಧ ಬರೆದೂ ಆಗಿತ್ತು. ಆಗ ಆ ಮಾಡರೇಟರ್ ಕೇಳಿದ್ದು ನೆನಪಾಯಿತು. ಜನ ಯಾಕೆ ಹೀಗೆ ಮಾಡುತ್ತಾರೆ ಅಂತಲೇ ನನಗೆ ಗೊತ್ತಿರಲಿಲ್ಲ. ಸೋಮಾರಿತನ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಎರಡು ವಾರ ಹೊಸ ಪ್ರಶ್ನೆಗಳನ್ನೆಲ್ಲ ಬಂದ ಹಾಗೇ ನೋಡುತ್ತಾ ಹೋದೆ. ಕೋಡನ್ನು ಚಿತ್ರವಾಗಿ ಹಾಕಿದ್ದನ್ನು ಒಂದು ಶೀಟ್‌ನಲ್ಲಿ ಗುರುತು ಹಾಕಿಕೊಂಡೆ: ಯಾವ ಭಾಷೆ, ಮೊಬೈಲಿಂದಲೋ ಕಂಪ್ಯೂಟರಿಂದಲೋ, ಕೇಳಿದವರಿಗೆ ಅದು ಎಷ್ಟನೇ ಪ್ರಶ್ನೆ. ನಾಲ್ಕನೇ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಚ್ಚಿನವು ಪೈಥಾನ್ ಪ್ರಶ್ನೆಗಳು. ಜಾವಾಸ್ಕ್ರಿಪ್ಟ್ ಕೇಳುವವರಲ್ಲಿ ಈ ರೋಗ ತೀರಾ ಕಡಿಮೆ. ಸೋಮಾರಿತನಕ್ಕೆ ಭಾಷೆ ಯಾವುದಾದರೇನು ಅಲ್ವಾ?

ಹಾಗೆ ಚಿತ್ರ ಹಾಕಿದ ಕೆಲವರಿಗೆ ಮೆಸೇಜ್ ಮಾಡಿದೆ. "ಬೈಯಲು ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಕೋಡನ್ನು ಯಾಕೆ ಚಿತ್ರವಾಗಿ ಹಾಕಿದಿರಿ?" ಎಲ್ಲರೂ ಉತ್ತರಿಸಲಿಲ್ಲ. ಉತ್ತರಿಸಿದವರು ಹೇಳಿದ್ದು ಹೆಚ್ಚುಕಮ್ಮಿ ಒಂದೇ. "ಮೊದಲು ಪೇಸ್ಟ್ ಮಾಡಿ ನೋಡಿದೆ ಸರ್. ಎಲ್ಲ ಎಡಕ್ಕೆ ಅಂಟಿಕೊಂಡು ಕೆಟ್ಟುಹೋಯಿತು. ಸರಿಮಾಡಲು ಗೊತ್ತಾಗದೆ ಫೋಟೋ ಹಾಕಿದೆ."

ನಾನೇ ಮಾಡಿ ನೋಡಿದೆ. ನನ್ನ ಎಡಿಟರ್‌ನಿಂದ ಪೈಥಾನ್‌ನ ಐದು ಸಾಲು ಕಾಪಿ ಮಾಡಿ ನಮ್ಮ ಸೈಟಿನ ಪ್ರಶ್ನೆ ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿದೆ. ಇಫ್ ಸಾಲಿನ ಕೆಳಗೆ ನಾಲ್ಕು ಸ್ಪೇಸ್ ಒಳಗಿರಬೇಕಾದ ಪ್ರಿಂಟ್ ಸಾಲು ಇಫ್‌ನ ನೇರಕ್ಕೇ ಬಂದು ನಿಂತಿತು. ಪೈಥಾನ್‌ನಲ್ಲಿ ಯಾವ ಸಾಲು ಯಾವುದರ ಒಳಗಿದೆ ಅಂತ ಹೇಳುವುದು ಆ ಸ್ಪೇಸ್‌ಗಳೇ. ಅವು ಹೋದರೆ ಅದು ಬೇರೆಯದೇ ಪ್ರೋಗ್ರಾಮ್, ಅಥವಾ ಪ್ರೋಗ್ರಾಮೇ ಅಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಬ್ರಾಕೆಟ್ ಉಳಿದಿರುತ್ತದೆ, ನೋಡಲು ಚೆನ್ನಾಗಿಲ್ಲದಿದ್ದರೂ ಅರ್ಥ ಕೆಡುವುದಿಲ್ಲ. ನಾನು ಯಾವಾಗಲೂ ಇದು ಕೋಡ್ ಅಂತ ತಿಳಿಸಲು ಮೂರು ಬ್ಯಾಕ್‌ಟಿಕ್ (` ಗುರುತು) ಹಾಕಿ ಸರಳ ಪಠ್ಯವಾಗಿ ಪೇಸ್ಟ್ ಮಾಡುವ ರೂಢಿಯವನು. ಹಾಗಾಗಿ ಇಷ್ಟು ವರ್ಷ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಈಗಿನ ಎಷ್ಟೋ ಎಡಿಟರ್‌ಗಳಲ್ಲಿ ಕೋಡ್ ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡ್‌ಗೆ, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗಕ್ಕೆ, ಎರಡು ಪ್ರತಿ ಹೋಗುತ್ತವೆ. ಒಂದು ಸರಳ ಪಠ್ಯ, ಇನ್ನೊಂದು ಬಣ್ಣಗಳ ಸಮೇತ ಎಚ್‌ಟಿಎಂಎಲ್, ಅಂದರೆ ವೆಬ್ ಪುಟಗಳನ್ನು ಬರೆಯುವ ರೂಪ. ನಮ್ಮ ಪೆಟ್ಟಿಗೆ ಎಚ್‌ಟಿಎಂಎಲ್ ಪ್ರತಿಯನ್ನು ತೆಗೆದುಕೊಂಡು, ಬಣ್ಣ ಕಿತ್ತು ಪಠ್ಯ ಉಳಿಸಿಕೊಳ್ಳುತ್ತಿತ್ತು. ಎಚ್‌ಟಿಎಂಎಲ್‌ನಲ್ಲಿ ಬೇರೆ ರೀತಿ ಹೇಳದಿದ್ದರೆ ಸಾಲಿನ ಮೊದಲಿನ ಸ್ಪೇಸ್‌ಗಳು ಲೆಕ್ಕಕ್ಕಿಲ್ಲ. ಬಣ್ಣ ಕೀಳುವಾಗ ಆ "ಬೇರೆ ರೀತಿ" ಅನ್ನೋ ಸೂಚನೆಯೂ ಕಿತ್ತುಹೋಗುತ್ತಿತ್ತು.

ಜನರಿಗೆ ಶಿಸ್ತು ಇಲ್ಲ ಅಂತ ನಾನು ಅಂದುಕೊಂಡದ್ದು ನಮ್ಮ ಪೆಟ್ಟಿಗೆಯ ತಪ್ಪಾಗಿತ್ತು. ಚಿತ್ರ ನಿಲ್ಲಿಸಿ ಅಂತ ಕೇಳಿ ಅದು ಜಾರಿಯಾಗಿದ್ದರೆ, ಆ ಹೊಸಬರು ಕೆಟ್ಟುಹೋದ ಕೋಡನ್ನೇ ಹಾಕುತ್ತಿದ್ದರು. ಇಲ್ಲವೇ ಪ್ರಶ್ನೆ ಕೇಳದೆ ಹೊರಟುಹೋಗುತ್ತಿದ್ದರು. ಇದನ್ನು ನೆನೆದರೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಆಮೇಲೆ ಸಲಹೆ ಬರೆಯಲು ಕೂತೆ. ಬರೆಯುವ ಕ್ರಮವನ್ನು ದೊಡ್ಡ ಯೋಜನೆಗಳಿಂದ ಕಲಿತೆ. ಪೈಥಾನ್‌ಗೆ ಬದಲಾವಣೆ ಸೂಚಿಸುವವರು 2000ದಿಂದ ಪೆಪ್ ಅನ್ನೋ ದಾಖಲೆ ಬರೆಯುತ್ತಾರೆ. ಬದಲಾವಣೆ ಯಾಕೆ ಬೇಕು ಅನ್ನುವುದರ ಜೊತೆಗೆ, ಯೋಚಿಸಿ ಕೈಬಿಟ್ಟ ದಾರಿಗಳಿಗೂ ಅದರಲ್ಲಿ ಜಾಗವಿದೆ. ರಸ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಬದಲಾವಣೆ ಸೂಚಿಸುವ ಆರ್‌ಎಫ್‌ಸಿ ದಾಖಲೆಯ ಮಾದರಿಯಲ್ಲಿ "ಇದನ್ನು ಯಾಕೆ ಮಾಡಬಾರದು" ಅಂತ ಕೇಳುವ ಭಾಗವೇ ಇದೆ. ಸಲಹೆ ಕೊಡುವವರೇ ಅದನ್ನು ತುಂಬಬೇಕು. ನನಗೆ ತುಂಬಾ ಹಿಡಿಸಿದ್ದು ಇದು. ತನ್ನ ಸಲಹೆಯ ಕೊರತೆಯನ್ನು ತಾನೇ ಬರೆದವನನ್ನು ಜನ ನಂಬುತ್ತಾರೆ. ಮೊದಲ ಹತ್ತು ಕಾಮೆಂಟ್‌ಗಳಲ್ಲಿ ಬರಬೇಕಾದ ಜಗಳವೂ ತಪ್ಪುತ್ತದೆ.

ನನ್ನದು ಒಂದು ಪುಟದಷ್ಟಿತ್ತು. ಮೇಲೆ ತೊಂದರೆ, ಎರಡು ಸಾಲಿನಲ್ಲಿ. ಕೆಳಗೆ ಐದು ಸಾಲಿನ ಆ ಪೈಥಾನ್ ಕೋಡ್, ಪೇಸ್ಟ್ ಮಾಡುವ ಮೊದಲು ಮತ್ತು ಆಮೇಲೆ. ಯಾವ ಬ್ರೌಸರ್, ಯಾವ ಎಡಿಟರ್ ಅಂತಲೂ ಬರೆದೆ. ಆಮೇಲೆ ನನ್ನ ಶೀಟ್, ಯಾರ ಹೆಸರೂ ಇಲ್ಲದೆ. ಪರಿಹಾರವನ್ನು ಕೊನೆಯಲ್ಲಿಟ್ಟೆ, ಅದೂ "ಹೀಗೆ ಮಾಡಬಹುದಾ?" ಅಂತ. ಒಳಗಿನ ಕೋಡ್ ಹೇಗಿದೆ ಅಂತ ಚೆನ್ನಾಗಿ ಗೊತ್ತಿರುವುದು ನಡೆಸುವವರಿಗೆ. ತೊಂದರೆ ಸರಿಯಾಗಿ ತೋರಿಸಿದರೆ ಅವರಿಗೆ ನನಗಿಂತ ಒಳ್ಳೆಯ ದಾರಿ ಹೊಳೆಯಬಹುದು.

"ನನಗೂ ಬೇಕು" ಅಂತ ಬರೆಯಬೇಡಿ ಅಂತಲೂ ಕೇಳಿಕೊಂಡೆ. ವೋಟ್ ಬಟನ್ ಇದೆ, ಅದನ್ನು ಒತ್ತಿ. ಕಾಮೆಂಟ್ ಬರೆಯುವುದಾದರೆ ನಿಮಗೆ ಏನಾಯಿತು ಅಂತ ಬರೆಯಿರಿ. 2016ರ ಜನವರಿಯಲ್ಲಿ ಓಪನ್ ಸೋರ್ಸ್ ಯೋಜನೆಗಳನ್ನು ನಡೆಸುವ ಅನೇಕರು ಸೇರಿ, ಕೋಡ್ ಇಟ್ಟು ಹಂಚಿಕೊಳ್ಳುವ ಸೈಟ್ ಗಿಟ್‌ಹಬ್‌ಗೆ ಒಂದು ಬಹಿರಂಗ ಪತ್ರ ಬರೆದಿದ್ದರು. ಇಶ್ಯೂಗಳ (ತೊಂದರೆ, ಬೇಡಿಕೆ ದಾಖಲಿಸುವ ಪೋಸ್ಟ್‌ಗಳ) ತುಂಬ ಬರೀ ಪ್ಲಸ್ ಒನ್, ಅಂದರೆ "ನನಗೂ ಬೇಕು" ಅನ್ನೋ ಕಾಮೆಂಟ್‌ಗಳು ಬಂದು ಬೀಳುತ್ತವೆ, ವೋಟ್ ಹಾಕಲು ಒಂದು ವ್ಯವಸ್ಥೆ ಮಾಡಿ ಅನ್ನುವುದು ಅದರಲ್ಲಿದ್ದ ಒಂದು ಬೇಡಿಕೆ. ಫೆಬ್ರವರಿಯಲ್ಲಿ ಇಶ್ಯೂ ಟೆಂಪ್ಲೇಟ್ ಬಂತು, ಮಾರ್ಚ್‌ನಲ್ಲಿ ಹೆಬ್ಬೆರಳಿನ ರಿಯಾಕ್ಷನ್‌ಗಳು ಬಂದವು. ಅಷ್ಟು ಬೇಗ ಕೆಲಸ ಆಗಲು ಕಾರಣ ಪತ್ರ ಬರೆದವರು ದಿನಾ ಅದೇ ಕಷ್ಟ ಪಡುತ್ತಿದ್ದವರು, ಕಷ್ಟವನ್ನು ಬಿಡಿಸಿ ಹೇಳಿದ್ದರು ಅಂತ ನಾನು ನಂಬುತ್ತೇನೆ.

ನನ್ನ ಪೋಸ್ಟ್‌ಗೆ ಬಂದ ಕಾಮೆಂಟ್‌ಗಳಲ್ಲಿ ಒಂದನ್ನು ಮರೆಯಲಾರೆ. ಕಣ್ಣು ಕಾಣದ ಒಬ್ಬ ಸದಸ್ಯರು ಬರೆದಿದ್ದರು. ಅವರು ಸ್ಕ್ರೀನ್ ರೀಡರ್ ಬಳಸಿ ಕೋಡ್ ಕೇಳಿಸಿಕೊಂಡು ಉತ್ತರ ಬರೆಯುತ್ತಾರೆ. "ಕೋಡ್ ಇರಬೇಕಾದ ಜಾಗದಲ್ಲಿ ನನಗೆ 'ಚಿತ್ರ' ಅನ್ನೋ ಒಂದೇ ಪದ ಕೇಳಿಸುತ್ತೆ. ಉತ್ತರ ಗೊತ್ತಿದ್ದರೂ ಸುಮ್ನೆ ಮುಂದೆ ಹೋಗಬೇಕು." ಅವರು ಬರೆದ ಉತ್ತರಗಳನ್ನು ನಾನು ವರ್ಷಗಟ್ಟಲೆ ಓದಿದ್ದೆ, ಈ ವಿಷಯ ಗೊತ್ತೇ ಇರಲಿಲ್ಲ. ಅವರ ಅನುಮತಿ ಕೇಳಿ ಆ ಮಾತನ್ನು ಪೋಸ್ಟ್‌ನ ಮೇಲ್ಭಾಗದಲ್ಲೇ ಸೇರಿಸಿದೆ.

ಆಮೇಲೆ ಸುಮಾರು ಎರಡು ತಿಂಗಳು ಏನೂ ಸುದ್ದಿ ಇಲ್ಲ. ಹಿಂದಿನ ನಾನಾಗಿದ್ದರೆ ದಿನಾ ಹೋಗಿ "ಏನಾಯಿತು?" ಅಂತ ಕೇಳುತ್ತಿದ್ದೆ. ಈ ಸಲ ತಿಂಗಳಿಗೊಮ್ಮೆ ಮಾತ್ರ ಬರೆದೆ, ಬರೆದಾಗಲೆಲ್ಲ ಹೊಸದೊಂದು ಮಾಹಿತಿ ಜೊತೆಗಿರುವಂತೆ ನೋಡಿಕೊಂಡೆ. ಕೊನೆಗೆ ಉತ್ತರ ಬಂತು: ಒಪ್ಪಿದ್ದೇವೆ, ಆದರೆ ಮಾಡಲು ಕೈ ಖಾಲಿ ಇಲ್ಲ, ನೀವೇ ಮಾಡಿಕೊಡುತ್ತೀರಾ?

ಮಾಡಿದೆ. ಮೊದಲ ಪ್ರಯತ್ನದಲ್ಲಿ ಪೇಸ್ಟ್ ಮಾಡಿದ್ದರಲ್ಲಿ ಸಾಲಿನ ಮೊದಲು ಸ್ಪೇಸ್ ಕಂಡರೆ ತಾನಾಗಿ ಕೋಡ್ ಬ್ಲಾಕ್ (ಕೋಡನ್ನು ಇದ್ದ ಹಾಗೇ ತೋರಿಸುವ ಚೌಕ) ಆಗುವ ಹಾಗೆ ಬರೆದಿದ್ದೆ. ಪರೀಕ್ಷೆಗೆ ಬಿಟ್ಟ ದಿನವೇ ಒಬ್ಬರ ಒಳಪಟ್ಟಿ ಇರುವ ಬರಹವೆಲ್ಲ ಕೋಡ್ ಆಗಿಬಿಟ್ಟಿತು. ಆಮೇಲೆ ಬದಲಿಸಿದೆ. ಸರಳ ಪಠ್ಯದ ಪ್ರತಿಯನ್ನೇ ತೆಗೆದುಕೊಂಡು ಸ್ಪೇಸ್ ಉಳಿಸುತ್ತದೆ, ಕೆಳಗೆ "ಇದು ಕೋಡಾ?" ಅಂತ ಒಂದು ಸಣ್ಣ ಬಟನ್ ತೋರಿಸುತ್ತದೆ. ಒತ್ತಿದರೆ ಬ್ಲಾಕ್, ಒತ್ತದಿದ್ದರೆ ಇಲ್ಲ. ಇನ್ನೊಂದು ಕಡೆಯೂ ಎಡವಿದೆ. ಬ್ಯಾಕ್‌ಟಿಕ್‌ನಂಥ ಗುರುತುಗಳಿಂದ ಬರಹಕ್ಕೆ ರೂಪ ಕೊಡುವ ಪದ್ಧತಿಗೆ ಮಾರ್ಕ್‌ಡೌನ್ ಅಂತಾರೆ. ಅದರ ಬಗ್ಗೆಯೇ ಪ್ರಶ್ನೆ ಕೇಳುವವರ ಕೋಡ್ ಒಳಗೆ ಮೂರು ಬ್ಯಾಕ್‌ಟಿಕ್ ಇರುತ್ತದೆ, ಬ್ಲಾಕ್ ನಡುವೆಯೇ ಮುಚ್ಚಿಹೋಗುತ್ತಿತ್ತು. ಶುರುವಿನಲ್ಲಿ ನಾಲ್ಕು ಬ್ಯಾಕ್‌ಟಿಕ್ ಹಾಕಿದರೆ ಮುಚ್ಚಲೂ ಕನಿಷ್ಠ ನಾಲ್ಕು ಬೇಕು ಅನ್ನುವುದು ಮಾರ್ಕ್‌ಡೌನ್‌ಗೆ ಖಚಿತ ನಿಯಮ ಬರೆದಿಟ್ಟ ಕಾಮನ್‌ಮಾರ್ಕ್‌ನ ನಿಯಮ. ಒಳಗೆ ಎಷ್ಟಿವೆ ಅಂತ ಎಣಿಸಿ ಒಂದು ಜಾಸ್ತಿ ಹಾಕುವಂತೆ ಮಾಡಿದೆ. ಸೈಟ್ ನಡೆಸುವವರು ನನ್ನ ಕೋಡ್ ನೋಡಿ ಏಳು ತಿದ್ದುಪಡಿ ಹೇಳಿದರು. ಐದು ಸರಿಯಿದ್ದವು, ಎರಡರ ಬಗ್ಗೆ ಮಾತಾಡಿ ಒಂದನ್ನು ಬಿಟ್ಟೆವು.

ಜಾರಿಯಾದ ಮೇಲೆ ಮತ್ತೆ ಎರಡು ವಾರ ಅದೇ ಶೀಟ್ ತುಂಬಿದೆ. ಕಂಪ್ಯೂಟರಿಂದ ಬರುವ ಕೋಡಿನ ಚಿತ್ರಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದ್ದವು. ಮೊಬೈಲಿಂದ ಬರುವವು ಇದ್ದ ಹಾಗೇ ಇದ್ದವು, ಅದನ್ನೂ ಮುಚ್ಚಿಡದೆ ಬರೆದೆ. ಮೊಬೈಲ್ ಕೀಬೋರ್ಡ್‌ನಲ್ಲಿ ಬ್ಯಾಕ್‌ಟಿಕ್ ಹುಡುಕುವುದೇ ಒಂದು ಸಾಹಸ, ಅದಕ್ಕೆ ಬೇರೆ ದಾರಿ ಬೇಕು. ಈಗ ಫೋನಿನಲ್ಲಿ ಪ್ರಶ್ನೆ ಕೇಳಿದ ಕೆಲವರಿಗೆ ಮತ್ತೆ ಮೆಸೇಜ್ ಮಾಡಿದ್ದೇನೆ. ಮೂವರು ಉತ್ತರಿಸಿದ್ದಾರೆ. ಅವರಲ್ಲಿ ಒಬ್ಬರು ಲ್ಯಾಪ್‌ಟಾಪ್ ಪರದೆಯನ್ನು ಫೋನಿನಲ್ಲಿ ಫೋಟೋ ಹೊಡೆದು ಹಾಕಿದ್ದರು. ಲ್ಯಾಪ್‌ಟಾಪ್‌ನಿಂದಲೇ ಯಾಕೆ ಕೇಳಲಿಲ್ಲ ಅಂತ ಕೇಳಿದೆ. ಅದರಲ್ಲಿ ಅವರು ಲಾಗಿನ್ ಆಗಿರಲಿಲ್ಲವಂತೆ, ಪಾಸ್‌ವರ್ಡ್ ಮರೆತುಹೋಗಿತ್ತಂತೆ. ಅದನ್ನೂ ಶೀಟ್‌ನಲ್ಲಿ ಒಂದು ಸಾಲು ಬರೆದುಕೊಂಡಿದ್ದೇನೆ.