ಹಳೆಯ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ) ಕಾರಿನ ಸದ್ದು ಎಲ್ಲಿಂದ ಬರ್ತಿದೆ?

ಸದ್ದು ಬಂತು ಅಂತ ತಕ್ಷಣ ಡಿಫರೆನ್ಶಿಯಲ್ (ಎಡ-ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಜೋಡಣೆ) ಬಿಚ್ಚಿಸಬೇಡಿ. ಮೊದಲು ಟೈರ್ ನೋಡಿ. ಟ್ರೆಡ್ ಮೇಲೆ ಅಂಗೈ ಸವರಿದಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ, ರಸ್ತೆ ಬದಲಾದಾಗ ಸದ್ದೂ ಬದಲಾದರೆ, ತೊಂದರೆ ಬಹುಶಃ ಟೈರಿನದ್ದೇ.

ಟೈರ್ ಸರಿಯಿದ್ದೂ ಗುಂಯ್ ಅನ್ನುತ್ತಿದೆಯಾ? ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ. ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಬಲಗಡೆಯ ವೀಲ್ ಬೇರಿಂಗ್ ಮೇಲೆ ಅನುಮಾನ ಪಡಬೇಕು, ಯಾಕಂದ್ರೆ ತಿರುಗುವಾಗ ಭಾರ ಆ ಕಡೆಗೆ ವಾಲುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೂಗಿದರೆ ಮಾತ್ರ ಡಿಫರೆನ್ಶಿಯಲ್ ಕಡೆ ಹೋಗಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯುವಾಗ ಟಕ್ ಟಕ್ ಅಂದರೆ ಸಿವಿ ಜಾಯಿಂಟ್ (ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಬಾಗುವ ಕೀಲು) ಸವೆದಿರುತ್ತದೆ. ಅದರ ರಬ್ಬರ್ ಬೂಟ್ ಹರಿದು, ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಅನುಮಾನವೇ ಬೇಡ. ಗೇರ್ ಹಾಕಿದ ಕೂಡಲೇ ಒಮ್ಮೆ ಧಡ್ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಕಾರಿನ ಕೆಳಗೆ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದ ದಂಡ) ಜಾಯಿಂಟ್, ಎಂಜಿನ್ ಹಿಡಿದಿಡುವ ಮೌಂಟ್ ಎರಡನ್ನೂ ನೋಡಿಸಿ.

ಬಿಗಿ ತಿರುವಿನಲ್ಲಿ ಯಾರೋ ಹಿಡಿದೆಳೆದಂತೆ ಜಗ್ಗುತ್ತದಾ? ಇದು ಈ ಕಾರುಗಳದ್ದೇ ಕಾಯಿಲೆ. ಮುಂದಿನ-ಹಿಂದಿನ ಚಕ್ರಗಳ ನಡುವೆ ಬಲ ಹಂಚುವ ಸೆಂಟರ್ ಕಪ್ಲಿಂಗಿನ ಆಯಿಲ್ ಹಳತಾಗಿರಬಹುದು, ಇಲ್ಲಾ ನಾಲ್ಕು ಟೈರುಗಳ ಸವೆತ ಒಂದೇ ಸಮ ಇರಲಿಕ್ಕಿಲ್ಲ. ಆಯಿಲ್ ಇಳಿಸುವಾಗ ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಒರೆಸಿ ನೋಡಿ: ನುಣುಪಾದ ಬೂದು ಪೇಸ್ಟ್ ಸಹಜ, ಲೋಹದ ಚೂರು ಸಿಕ್ಕರೆ ಒಳಗೆ ಗೇರೋ ಬೇರಿಂಗೋ ಒಡೆಯುತ್ತಿದೆ.

ಎರಡೇ ಚಕ್ರ ಎತ್ತಿ, ಗೇರ್ ಹಾಕಿ ಸದ್ದು ಕೇಳಲು ಹೋಗಲೇಬೇಡಿ. ನೆಲದ ಮೇಲಿರುವ ಚಕ್ರಗಳು ಕಾರನ್ನು ಜಾಕ್ ಮೇಲಿಂದ ಮುಂದಕ್ಕೆ ನುಗ್ಗಿಸಿಬಿಡಬಹುದು.