ಹೆದ್ದಾರಿ ಬದಿಯ ಹೋರ್ಡಿಂಗ್ ವಲಯ: ಪಾಲಿಕೆಗೆ ಗಟ್ಟಿಯಾದ ಆಕ್ಷೇಪಣೆ ಸಲ್ಲಿಸುವ ಬಗೆ

ಹೆದ್ದಾರಿ ಬದಿಯಲ್ಲಿ ಜಾಹೀರಾತು ಫಲಕಗಳಿಗೆ ಎಲ್ಲಿ ಅವಕಾಶ ಕೊಡಬೇಕು, ಎಲ್ಲಿ ಕೊಡಬಾರದು ಎಂಬ ಪ್ರಶ್ನೆ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮುಂದೆ ಬಂದಾಗ, ನಾಗರಿಕರ ಮನವಿ ‘ಹೋರ್ಡಿಂಗ್ ಬೇಡ’ ಎಂಬಷ್ಟಕ್ಕೇ ನಿಂತರೆ ಅದು ಕಡತ ಸೇರಿ ಅಲ್ಲಿಯೇ ಉಳಿಯುತ್ತದೆ. ಫಲಕದ ಕಂಬ ಯಾರ ಜಾಗದಲ್ಲಿ ನಿಂತಿದೆ, ಅದು ವಾಹನ ಚಾಲಕನ ದೃಷ್ಟಿಗೆ ಹೇಗೆ ಅಡ್ಡಿಯಾಗುತ್ತದೆ ಎಂಬ ಎರಡು ಸಂಗತಿಗಳನ್ನು ದಾಖಲೆ ಸಹಿತ ಮುಂದಿಟ್ಟ ಆಕ್ಷೇಪಣೆಗೆ ಮಾತ್ರ ಅಧಿಕಾರಿಗಳು ಉತ್ತರ ಕೊಡಲೇಬೇಕಾಗುತ್ತದೆ.

ಮೊದಲು ಜಾಗದ ವಿಚಾರ. ಪುಣೆ-ಬೆಂಗಳೂರು ಮಾರ್ಗದ ರಾಷ್ಟ್ರೀಯ ಹೆದ್ದಾರಿ 48, ಗದಗ ಕಡೆಗೆ ಹೋಗುವ 67 ಮತ್ತು ವಿಜಯಪುರದ ಕಡೆಗಿನ 52, ಈ ಮೂರರ ಬದಿಯಲ್ಲೂ ಹೆದ್ದಾರಿಗೆ ಸೇರಿದ ಭೂಮಿಯ ಪಟ್ಟಿಯೊಂದು ಇರುತ್ತದೆ. ಆ ಪಟ್ಟಿ 2002ರ ರಾಷ್ಟ್ರೀಯ ಹೆದ್ದಾರಿಗಳ (ಭೂಮಿ ಮತ್ತು ಸಂಚಾರ) ನಿಯಂತ್ರಣ ಕಾಯ್ದೆಗೆ ಒಳಪಡುವುದರಿಂದ, ಅಲ್ಲಿ ಕಂಬ ನೆಡಲು ಪಾಲಿಕೆಯ ಅನುಮತಿಯೊಂದೇ ಸಾಲದು. ಪಟ್ಟಿಯ ಆಚೆಗಿನ ಹೊಲದಲ್ಲಿ, ಮಾಲೀಕರಿಗೆ ಬಾಡಿಗೆ ಕೊಟ್ಟು ನಿಲ್ಲಿಸಿದ ಫಲಕಕ್ಕೆ ನಗರದ ಹದ್ದಿನೊಳಗೆ ಪಾಲಿಕೆ ಆಯುಕ್ತರ ಲಿಖಿತ ಅನುಮತಿ ಬೇಕು. ಹದ್ದಿನ ಹೊರಗಾದರೆ ಗ್ರಾಮ ಪಂಚಾಯಿತಿಯನ್ನು ಕೇಳಬೇಕು. ಗದಗ-ಬೆಟಗೇರಿ ಮತ್ತು ಹಾವೇರಿಯವರು 1976ರ ಮಹಾನಗರ ಪಾಲಿಕೆ ಕಾಯ್ದೆಯ ಬದಲು, ತಮ್ಮ ನಗರಸಭೆಗೆ ಅನ್ವಯಿಸುವ 1964ರ ಪೌರಸಭೆಗಳ ಕಾಯ್ದೆಯನ್ನು ನೋಡಬೇಕು.

ಆದ್ದರಿಂದ ಫಲಕವಿರುವ ಜಮೀನಿನ ಸರ್ವೆ ನಂಬರು ಹಿಡಿದು ಉತಾರ (ಪಹಣಿ) ಮತ್ತು ಸರ್ವೆ ನಕ್ಷೆ ತೆಗೆಸಿರಿ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್‌ನಲ್ಲಿ ಹಳೆಯ ನಕ್ಷೆಯನ್ನು ನಂಬಬೇಡಿರಿ. ರಸ್ತೆ ಅಗಲಗೊಳಿಸಲು ಭೂಮಿ ಪಡೆದ ಕಡೆ ನಿನ್ನೆ ಹೊಲದಲ್ಲಿದ್ದ ಕಂಬ ಇಂದು ಹೆದ್ದಾರಿಯ ಜಾಗದೊಳಗೆ ಬಂದಿರಬಹುದು. ಈ ಶ್ರಮ ಅತಿಯೆನಿಸಿದರೆ ಮುಂಬೈನ ಘಾಟ್ಕೋಪರ್ ನೆನಪಿರಲಿ. 2024ರ ಮೇ 13ರಂದು ಅಲ್ಲಿ 17 ಜನರ ಪ್ರಾಣ ತೆಗೆದ ಹೋರ್ಡಿಂಗ್ ರೈಲ್ವೆ ಪೊಲೀಸರ ಅಧೀನದ ಜಾಗದಲ್ಲಿತ್ತು, ಅದಕ್ಕೆ ಮಹಾನಗರ ಪಾಲಿಕೆಯ ಅನುಮತಿ ಇರಲಿಲ್ಲ. ಪಾಲಿಕೆಯ ಮಿತಿ 40 ಅಡಿಗೆ 40 ಅಡಿ ಇದ್ದರೆ, ಅದು 120 ಅಡಿಗೆ 120 ಅಡಿ ಇತ್ತು.

ಎರಡನೆಯದು ಅಳತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 46 ಎಂಬ ನೀತಿ 1972ರಷ್ಟು ಹಳೆಯದಾದರೂ ಚರ್ಚೆಗೆ ಬಹಳ ಉಪಯುಕ್ತ. ಅದರ ಪ್ರಕಾರ ವಾಹನ ಓಡುವ ರಸ್ತೆಯ ಅಂಚಿನಿಂದ 10 ಮೀಟರ್ ಒಳಗೆ, ಕೂಡುರಸ್ತೆ ಮತ್ತು ಸೇತುವೆಗಳಿಂದ 100 ಮೀಟರ್ ಒಳಗೆ (ನಗರದಲ್ಲಿ ಇದನ್ನು 50ಕ್ಕೆ ಇಳಿಸಬಹುದು), ಸಂಚಾರ ಸೂಚನಾ ಫಲಕದಿಂದ 50 ಮೀಟರ್ ಒಳಗೆ ಜಾಹೀರಾತು ಇರಬಾರದು. ರಸ್ತೆಗೆ ಅಡ್ಡಲಾಗಿ ಬ್ಯಾನರ್ ಕಟ್ಟಲೂಬಾರದು. ಟೇಪು ಹಿಡಿದು ಡಾಂಬರಿನ ಅಂಚಿನಿಂದ ಹೊರಕ್ಕೆ ಅಳೆಯಿರಿ, ಎಂದಿಗೂ ರಸ್ತೆಗೆ ಇಳಿಯಬೇಡಿರಿ. ಚಾಲಕನಿಗೆ ಕಾಣುವ ನೋಟದ ಚಿತ್ರಗಳನ್ನು ಚಲಿಸುವ ವಾಹನದಲ್ಲಿ ಪಕ್ಕದ ಆಸನದಲ್ಲಿ ಕುಳಿತವರು ತೆಗೆಯಲಿ. ಬೆಳಕಿನ ಫಲಕವಾದರೆ ರಾತ್ರಿಯ ಚಿತ್ರವೂ ಇರಲಿ. ಪಿ.ಬಿ. ರಸ್ತೆಯಂತಹ ನಗರದೊಳಗಿನ ದಾರಿಯನ್ನೂ ಬೈಪಾಸನ್ನೂ ಒಂದೇ ಅಳತೆಗೋಲಿನಲ್ಲಿ ನೋಡುವುದು ನನ್ನ ದೃಷ್ಟಿಯಲ್ಲಿ ತಪ್ಪು, ಏಕೆಂದರೆ ಬೈಪಾಸಿನ ವೇಗದಲ್ಲಿ ಕಣ್ಣು ಕ್ಷಣಕಾಲ ಹೊರಳಿದರೂ ವಾಹನ ಬಹಳ ದೂರ ಸಾಗಿರುತ್ತದೆ.

ಉಳಿದ ವಿವರಗಳಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಅವಧಿ. ಅನುಮತಿ ಪತ್ರ, ಅವಧಿ ಮುಗಿಯುವ ದಿನಾಂಕ, ಫಲಕದ ಅಳತೆ, ಫಲಕದ ರಚನೆಯ ಸುರಕ್ಷತೆಗೆ ಇಂಜಿನಿಯರ್ ಕೊಟ್ಟ ಪ್ರಮಾಣಪತ್ರ, ವಸೂಲಾದ ಹಣ, ಇಷ್ಟನ್ನು ಕೇಳಿದರೆ ಸಾಕು. ಹಣದ ಪ್ರಶ್ನೆಯನ್ನು ಬಿಡಬೇಡಿರಿ. ‘ಆದಾಯ ತಪ್ಪುತ್ತದೆ’ ಎಂಬ ವಾದ ಬಂದಾಗ ಆ ಆದಾಯ ತೆರಿಗೆಯೇ, ಶುಲ್ಕವೇ, ನೆಲಬಾಡಿಗೆಯೇ, ಎಷ್ಟು ಎಂದು ಲೆಕ್ಕ ಕೇಳುವುದು ನ್ಯಾಯ.

ಇನ್ನು ಆಕ್ಷೇಪಣೆ. ಉಪವಿಧಿಯ (ಪಾಲಿಕೆ ತಾನೇ ರೂಪಿಸುವ ನಿಯಮದ) ಕರಡು ಪ್ರಕಟವಾದರೆ ನಿಗದಿತ ದಿನದೊಳಗೆ ಆಯುಕ್ತರ ಹೆಸರಿಗೆ ಬರೆದು, ಆವಕ ಸಂಖ್ಯೆ ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿರಿ. ಒಂದು ಪತ್ರದಲ್ಲಿ ಒಂದೇ ಸ್ಥಳವಿರಲಿ: ಜಾಗದ ದಾಖಲೆ, ಅಳತೆ, ಚಿತ್ರ, ಕೊನೆಗೆ ಕರಡಿನ ಯಾವ ವಾಕ್ಯ ಹೇಗೆ ಬದಲಾಗಬೇಕೆಂಬ ನಿಮ್ಮದೇ ಸಾಲು. ಉದಾಹರಣೆಗೆ, ‘ಬೈಪಾಸಿನ ಬದಿಯಲ್ಲಿ ಫಲಕದ ಒಟ್ಟು ಎತ್ತರಕ್ಕಿಂತ ಹೆಚ್ಚು ದೂರವನ್ನು ರಸ್ತೆಯ ಅಂಚಿನಿಂದ ಬಿಡತಕ್ಕದ್ದು’ ಎಂದು ಬರೆದರೆ, ಬಿದ್ದರೂ ರಸ್ತೆಯ ಮೇಲೆ ಬೀಳಬಾರದೆಂಬ ಉದ್ದೇಶ ಎಲ್ಲರಿಗೂ ತಿಳಿಯುತ್ತದೆ. ಅದೇ ಪ್ರತಿಯನ್ನು ನಿಮ್ಮ ವಾರ್ಡಿನ ಕಾರ್ಪೊರೇಟರ್‌ಗೂ ನಗರ ಯೋಜನೆಯ ಸ್ಥಾಯಿ ಸಮಿತಿಗೂ ಸಭೆಯ ಕಾರ್ಯಸೂಚಿ ಸಿದ್ಧವಾಗುವ ಮೊದಲೇ ತಲುಪಿಸಿರಿ.

ಸಭೆಯಲ್ಲಿ ಠರಾವು ಆದ ಮಾತ್ರಕ್ಕೆ ಉಪವಿಧಿ ಜಾರಿಗೆ ಬರುವುದಿಲ್ಲ, ಸರ್ಕಾರದ ಮಂಜೂರಾತಿ ಬೇಕು. ಠರಾವಿನ ದೃಢೀಕೃತ ಪ್ರತಿ ಪಡೆದು, ನೀವು ಸೂಚಿಸಿದ ಸಾಲು ಅದರಲ್ಲಿ ಬಿಟ್ಟುಹೋಗಿದ್ದರೆ, ಅದನ್ನೇ ನಗರಾಭಿವೃದ್ಧಿ ಇಲಾಖೆಗೆ ಕಳಿಸಿರಿ. ಕಂಬ ಹೆದ್ದಾರಿಯ ಜಾಗದಲ್ಲೇ ಇರುವುದು ಖಚಿತವಾಗಿದ್ದರೆ ಉಪವಿಧಿಗಾಗಿ ಕಾಯದೆ, ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ತೆರವು ಕೋರಿ ನೇರವಾಗಿ ದೂರು ಕೊಡಿರಿ.